ಆರು ಷಿಲಿಂಗ್ ಎಂಟು ಪೆನ್ಸ್

ಕುಂದಾಪುರದಲ್ಲಿ ಬಿ.ಕಾಂ. ಮುಗಿಸಿ ಮುಂಬೈ ಬಸ್ಸು ಹತ್ತಿದ ಮೇಲೆ ನಾನು ಸೈಕಲ್ ಮುಟ್ಟಿದವನೇ ಅಲ್ಲ. ಡೊಂಬಿವಲಿಯಲ್ಲಿ ಮನೆ, ಫೋರ್ಟಿನಲ್ಲಿ ಬ್ಯಾಂಕು, ನಡುವೆ ಲೋಕಲ್ ಟ್ರೈನು... ಇದರಲ್ಲಿ ಸೈಕಲ್ಲಿಗೆ ಜಾಗ ಎಲ್ಲಿ? ಅಂಥವನು ಐವತ್ತಾರನೇ ವಯಸ್ಸಿನಲ್ಲಿ ಇಂಗ್ಲೆಂಡಿನ ಹಳ್ಳಿ ರಸ್ತೆಗಳಲ್ಲಿ ಹೆಲ್ಮೆಟ್ ಹಾಕಿಕೊಂಡು ಸೈಕಲ್ ತುಳಿದೆ ಅಂದರೆ ನಮ್ಮ ಆಫೀಸಿನವರು ಈಗಲೂ ನಂಬುವುದಿಲ್ಲ. ಫೋಟೋ ತೋರಿಸಿದರೆ "ಹೊಟ್ಟೆ ಮಾತ್ರ ನಿಮ್ಮದೇ ಸಾರ್, ಒಪ್ಪಿದೆವು" ಅನ್ನುತ್ತಾರೆ!

ಮಗಳು, ಅಳಿಯ ಇರುವುದು ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೊಕ್ ಎಂಬ ಜಿಲ್ಲೆಯಲ್ಲಿ, ವುಡ್‌ಬ್ರಿಜ್ ಪಟ್ಟಣದ ಹತ್ತಿರ. ಅಲ್ಲಿ ಟೆಲಿಫೋನ್ ಕಂಪನಿಯೊಂದರ ದೊಡ್ಡ ಸಂಶೋಧನಾ ಕೇಂದ್ರ ಇರುವುದರಿಂದ ನಮ್ಮ ದೇಶದ ಐಟಿ ಹುಡುಗರಿಗೆ ಆ ಕಡೆ ಬರ ಇಲ್ಲ. ಕಳೆದ ಬೇಸಿಗೆಯಲ್ಲಿ ಪಿ.ಎಲ್. ಕೂಡಿಟ್ಟುಕೊಂಡು ನಾನೂ ನನ್ನಾಕೆಯೂ ಆರು ವಾರ ಅಲ್ಲಿದ್ದೆವು. ಲಂಡನ್ ನೋಡಿದ್ದು ಮೊದಲ ವಾರಕ್ಕೇ ಮುಗಿಯಿತು. ಆಮೇಲೆ ಮಕ್ಕಳು ಕೆಲಸಕ್ಕೆ ಹೋದರೆ ನನಗೆ ಹೊತ್ತೇ ಹೋಗದು. ಅಳಿಯನ ಸೈಕಲ್ ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. "ಅಪ್ಪಾ, ಇಲ್ಲಿ ಹಳ್ಳಿಗಳಲ್ಲಿ ಹಳೇ ಚರ್ಚ್ ಬಿಟ್ಟರೆ ನೋಡೋಕೆ ಏನೂ ಇಲ್ಲ, ನೀವು ಸುಮ್ಮನೆ ಮನೇಲಿ ರೆಸ್ಟ್ ತಗೊಳ್ಳಿ" ಅಂದಳು ಮಗಳು. ಅವಳು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ಮೊದಲರ್ಧ ಮಾತ್ರ.

ಸಫೊಕ್‌ನಲ್ಲಿ ಮಧ್ಯಯುಗದ ಚರ್ಚುಗಳೇ ಸುಮಾರು 500 ಇವೆ. ಒಂದೊಂದು ಊರಿಗೂ ಒಂದೊಂದು. ಹಿಂದಿನ ಕಾಲದಲ್ಲಿ ಜನ ನಡೆದುಕೊಂಡು ಬಂದು ಹೋಗಬೇಕಿತ್ತಲ್ಲ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಮೂರು ನಾಲ್ಕು ಕಿಲೋಮೀಟರ್ ಅಷ್ಟೆ. ಕಾರಿಗೆ ಇದು ತೀರಾ ಹತ್ತಿರ, ಕಾಲಿಗೆ ಸ್ವಲ್ಪ ದೂರ, ಸೈಕಲ್ಲಿಗೆ ಹೇಳಿ ಮಾಡಿಸಿದ ಹಾಗಿದೆ. ಗೋಧಿ ಗದ್ದೆಗಳ ಆಚೆ ಚರ್ಚಿನ ಗೋಪುರ ಕಾಣುತ್ತದೆ, ಅದನ್ನೇ ಗುರಿ ಇಟ್ಟುಕೊಂಡು ತುಳಿದರಾಯಿತು. ಬಾಗಿಲು ಬಹುತೇಕ ಕಡೆ ಹಗಲೆಲ್ಲ ತೆರೆದೇ ಇರುತ್ತದೆ. ಒಳಗೆ ಯಾರೂ ಇರುವುದಿಲ್ಲ! ಒಂದು ಮೇಜು, ಅದರ ಮೇಲೆ ಬಂದವರು ಹೆಸರು ಬರೆಯುವ ಪುಸ್ತಕ, ನಾಲ್ಕು ಪುಟದ ಊರಿನ ಇತಿಹಾಸ, ಒಂದು ಕಾಣಿಕೆ ಡಬ್ಬಿ. ನಾನು ಎಲ್ಲ ಕಡೆ ಇಂಗ್ಲಿಷಿನಲ್ಲೂ ಕನ್ನಡದಲ್ಲೂ "ಡೊಂಬಿವಲಿ" ಎಂದು ಬರೆದು ಬಂದಿದ್ದೇನೆ.

ಪ್ಯಾರಿಷ್ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಒಂದು ದೇವಸ್ಥಾನ, ಅದಕ್ಕೆ ನಡೆದುಕೊಳ್ಳುವ ಮಾಗಣೆ ಇರುತ್ತದಲ್ಲ, ಹಾಗೆ. ಪೂಜೆ ಪಾದ್ರಿಯದ್ದು, ಕಟ್ಟಡ, ಆಸ್ತಿ, ಲೆಕ್ಕಪತ್ರ ಊರಿನವರದ್ದು. ಅದಕ್ಕೆ ಚರ್ಚ್‌ವಾರ್ಡನ್ ಎಂದು ಸಾಮಾನ್ಯವಾಗಿ ಇಬ್ಬರನ್ನು ವರ್ಷಕ್ಕೊಮ್ಮೆ ಆರಿಸುತ್ತಿದ್ದರು, ನಮ್ಮ ಮೊಕ್ತೇಸರರ ಹಾಗೆ. ಮೇಣದ ಬತ್ತಿಗೆ ಎಷ್ಟು, ಗಂಟೆಯ ಹಗ್ಗಕ್ಕೆ ಎಷ್ಟು ಅಂತ ಬರೆದಿಟ್ಟು ವರ್ಷದ ಕೊನೆಗೆ ಊರಿನವರ ಮುಂದೆ ಲೆಕ್ಕ ಒಪ್ಪಿಸಬೇಕು. ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ರಿಜಿಸ್ಟರ್ ಇಡಬೇಕೆಂದು 1538ರಲ್ಲಿ ಅರಸನ ಕಡೆಯಿಂದ ಆಜ್ಞೆಯಾಯಿತು. 1603ರ ಚರ್ಚ್ ಕಾನೂನು ಇನ್ನೂ ಮುಂದೆ ಹೋಗಿ, ರಿಜಿಸ್ಟರ್ ಇಡುವ ಪೆಟ್ಟಿಗೆಗೆ ಮೂರು ಬೀಗ ಇರಬೇಕು, ಒಂದು ಕೀಲಿಕೈ ಪಾದ್ರಿಯ ಹತ್ತಿರ, ಉಳಿದೆರಡು ಇಬ್ಬರು ವಾರ್ಡನ್‌ಗಳ ಹತ್ತಿರ ಅಂತ ವಿಧಿಸಿತು. ಮೂವರೂ ಸೇರದೆ ಪೆಟ್ಟಿಗೆ ತೆರೆಯುವಂತಿಲ್ಲ. ನಮ್ಮ ಸ್ಟ್ರಾಂಗ್ ರೂಮಿಗೆ ಇಂದಿಗೂ ಇಬ್ಬರ ಕೀಲಿಕೈ ಬೇಕು. ಆ ಕೀಲಿಕೈ ಸೊಂಟಕ್ಕೆ ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದವನು ನಾನು. ಮೂರು ಬೀಗದ ಇಂಥ ಒಂದು ಓಕ್ ಮರದ ಪೆಟ್ಟಿಗೆಯ ಮುಂದೆ ನಿಂತಾಗ ನನಗೆ ದೇವರಿಗಿಂತ ಮೊದಲು ನೆನಪಾದದ್ದು ನಮ್ಮ ಹೆಡ್ ಕ್ಯಾಷಿಯರ್.

ಇಷ್ಟು ಪೀಠಿಕೆ ಹಾಕಿದ್ದು ಯಾಕೆಂದರೆ, ಆ ನಾಲ್ಕು ಪುಟದ ಇತಿಹಾಸಗಳಲ್ಲೆಲ್ಲ ಒಂದೇ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ವಿಲಿಯಂ ಡೌಸಿಂಗ್. ಈತ ಇದೇ ಸಫೊಕ್‌ನ ಲ್ಯಾಕ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ 1596ರಲ್ಲಿ ಹುಟ್ಟಿದ ಜಮೀನುದಾರ ರೈತ, ಪುಸ್ತಕ ಕೂಡಿಡುವ ಹವ್ಯಾಸದವನು. 1642ರಲ್ಲಿ ಅರಸ ಮೊದಲನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಶುರುವಾಯಿತು. ಪಾರ್ಲಿಮೆಂಟಿನ ಕಡೆ ಇದ್ದ ಪ್ಯೂರಿಟನ್ನರಿಗೆ ಚರ್ಚಿನೊಳಗಿನ ಚಿತ್ರ, ಬೊಂಬೆ, ಶಿಲುಬೆ ಎಲ್ಲ ವಿಗ್ರಹಾರಾಧನೆ. 1643ರ ಆಗಸ್ಟ್‌ನಲ್ಲಿ ಅವನ್ನೆಲ್ಲ ತೆಗೆಯಬೇಕೆಂದು ಪಾರ್ಲಿಮೆಂಟ್ ಶಾಸನ ಮಾಡಿತು. ಅದೇ ಡಿಸೆಂಬರ್‌ನಲ್ಲಿ ಪೂರ್ವ ಜಿಲ್ಲೆಗಳ ಸೇನೆಯ ಮುಖ್ಯಸ್ಥನಾಗಿದ್ದ ಮ್ಯಾಂಚೆಸ್ಟರ್ ಅರ್ಲ್ ಈ ಕೆಲಸಕ್ಕೆ ಡೌಸಿಂಗ್‌ನನ್ನು ನೇಮಿಸಿದ. ಮುಂದಿನ ಹತ್ತು ತಿಂಗಳಲ್ಲಿ ಈ ಮನುಷ್ಯ ಕುದುರೆ ಏರಿ ಕೇಂಬ್ರಿಜ್‌ಷೈರ್, ಸಫೊಕ್ ಜಿಲ್ಲೆಗಳ 250ಕ್ಕೂ ಹೆಚ್ಚು ಚರ್ಚು, ಕಾಲೇಜು ಪ್ರಾರ್ಥನಾ ಮಂದಿರಗಳನ್ನು ಸುತ್ತಿ ಒಡೆಸಿದ.

ಒಡೆದವರು ಇನ್ನೂ ಅನೇಕರಿದ್ದರು. ಆದರೆ ಡೌಸಿಂಗ್ ಮಾತ್ರ ಡೈರಿ ಇಟ್ಟ! ಯಾವ ದಿನ ಯಾವ ಊರು, ಎಷ್ಟು ಚಿತ್ರ ಒಡೆಯಿತು, ಎಷ್ಟು ಬಾಕಿ, ಬಾಕಿಯನ್ನು ಎಷ್ಟು ದಿನದೊಳಗೆ ತೆಗೆಯಬೇಕೆಂದು ಹೇಳಿ ಬಂದ, ಎಲ್ಲ ಇದೆ. ಮಗಳ ಕಂಪ್ಯೂಟರಿನಲ್ಲಿ ಅದನ್ನು ಓದುತ್ತಾ ಕೂತರೆ ನನಗೆ ಮೈ ಜುಮ್ಮೆಂದಿತು. ನಾನೂ ಮೂರು ವರ್ಷ ಇನ್ಸ್‌ಪೆಕ್ಷನ್ ಡಿಪಾರ್ಟ್‌ಮೆಂಟಿನಲ್ಲಿ ಊರೂರು ಬ್ರಾಂಚ್ ಸುತ್ತಿದವನು. ಇದು ಡೈರಿಯಲ್ಲ ಸ್ವಾಮಿ, ಇನ್ಸ್‌ಪೆಕ್ಷನ್ ರಿಪೋರ್ಟು. ನ್ಯೂನತೆ ಇಷ್ಟು, ಸ್ಥಳದಲ್ಲೇ ಸರಿಪಡಿಸಿದ್ದು ಇಷ್ಟು, ಉಳಿದದ್ದಕ್ಕೆ ಗಡುವು ಇಷ್ಟು ದಿನ. ಕೊನೆಗೆ ಫೀಸು: ಸಾಮಾನ್ಯವಾಗಿ ಒಂದು ಚರ್ಚಿಗೆ 6 ಷಿಲಿಂಗ್ 8 ಪೆನ್ಸ್. ಆಗಿನ ಲೆಕ್ಕದಲ್ಲಿ ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್. ಅಂದರೆ ಸರಿಯಾಗಿ ಪೌಂಡಿನ ಮೂರನೇ ಒಂದು ಭಾಗ. ಇದನ್ನು ಕೊಡಬೇಕಾದವರು ಯಾರು? ಆಯಾ ಊರಿನ ಚರ್ಚ್‌ವಾರ್ಡನ್‌ಗಳೇ. ತಮ್ಮ ಚರ್ಚು ಒಡೆದದ್ದಕ್ಕೆ ತಾವೇ ಕೂಲಿ ಕೊಟ್ಟು ಲೆಕ್ಕದಲ್ಲಿ ಖರ್ಚು ಬರೆಯಬೇಕು. ಸ್ಟಾಕ್ ಇನ್ಸ್‌ಪೆಕ್ಷನ್ ಚಾರ್ಜನ್ನು ಸಾಲಗಾರನ ಖಾತೆಗೇ ಡೆಬಿಟ್ ಹಾಕುತ್ತೇವಲ್ಲ, ಹಾಗೆ.

ಸರಿ, ಆತ ಹೋದ ದಾರಿಯಲ್ಲಿ ನಾನೂ ಒಂದಷ್ಟು ಹೋಗೋಣ ಅನ್ನಿಸಿತು.

ಮೊದಲು ಅಭ್ಯಾಸಕ್ಕೆಂದು ಹತ್ತಿರದ ಅಫರ್ಡ್‌ಗೆ ಹೋದೆ. ಮನೆಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಸಫೊಕ್ ಸಮತಟ್ಟು ಅಂತ ಎಲ್ಲರೂ ಹೇಳುತ್ತಾರೆ, ಅವರು ಯಾರೂ ಸೈಕಲ್ ಹೊಡೆದವರಲ್ಲ! ಅಫರ್ಡ್ ಚರ್ಚಿನೊಳಗೆ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ಕಲ್ಲಿನ ತೊಟ್ಟಿಗೆ ಒಂದು ಮುಚ್ಚಳ ಇದೆ. ಮುಚ್ಚಳ ಅಂದರೆ ಪಾತ್ರೆಯ ಮುಚ್ಚಳ ಅಂದುಕೊಳ್ಳಬೇಡಿ. 18 ಅಡಿ ಎತ್ತರದ ಮರದ ಗೋಪುರ. ಅಂತಸ್ತಿನ ಮೇಲೆ ಅಂತಸ್ತು, ಕೊನೆಗೆ ಮಾಡಿನ ಹತ್ತಿರ ಒಂದು ಪೆಲಿಕನ್ ಹಕ್ಕಿ ತನ್ನ ಎದೆಯನ್ನು ತಾನೇ ಕುಕ್ಕಿಕೊಳ್ಳುತ್ತಾ ಕೂತಿದೆ. ತನ್ನ ರಕ್ತದಿಂದ ಮರಿಗಳನ್ನು ಸಾಕುತ್ತದೆ ಅನ್ನುವ ಹಳೇ ನಂಬಿಕೆಯಿಂದ ಅದು ಏಸುವಿನ ಗುರುತು. ಕೆಳಗಿನ ಭಾಗ ಮೇಲಕ್ಕೆ ಸರಿದು ಮೇಲಿನ ಭಾಗದ ಹೊರಗೆ ಕೂರುವ ಹಾಗೆ ಮಾಡಿದ್ದಾರೆ, 15ನೇ ಶತಮಾನದಲ್ಲಿ!

1644ರ ಜನವರಿಯಲ್ಲಿ ಡೌಸಿಂಗ್ ಇಲ್ಲಿಗೆ ಬಂದು 30 ಚಿತ್ರ ಒಡೆಸಿ, ಇನ್ನೂ 37 ಚಿತ್ರ, ಮರದ 40 ದೇವದೂತರು ಇತ್ಯಾದಿ ತೆಗೆಯಿರಿ ಎಂದು ಹೇಳಿ ಹೋದ. ಮೇ ತಿಂಗಳಲ್ಲಿ ನೋಡಿಕೊಂಡು ಬರಲು ಆಳು ಕಳಿಸಿದರೆ ಕೆಲಸ ಆಗಿರಲಿಲ್ಲ, ಊರಿನವರು ಕೀಲಿಕೈಯನ್ನೂ ಕೊಡಲಿಲ್ಲ. ಆಗಸ್ಟ್‌ನಲ್ಲಿ ಆತನೇ ಬಂದ. ಅವನನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೇ ನಿಲ್ಲಿಸಿದರು. ಪಾರ್ಲಿಮೆಂಟಿನ ಆಜ್ಞಾಪತ್ರ ಹಿಡಿದು ಬಂದ ಅಧಿಕಾರಿಯನ್ನು! ಇದನ್ನೆಲ್ಲ ಡೌಸಿಂಗ್ ಸಿಟ್ಟಿನಿಂದ ಬರೆದುಕೊಂಡಿದ್ದಾನೆ. ಕೊನೆಗೂ ಒಳಗೆ ಹೋಗಿ ಈ ಮುಚ್ಚಳ ನೋಡಿ, ಇದು ಪೋಪನ ಮೂರು ಸುತ್ತಿನ ಕಿರೀಟದ ಹಾಗಿದೆ, ಮೇಲೆ ಪೆಲಿಕನ್ ಇದೆ ಎಂದು ಬರೆದ. ಅದರ ವೈಭವವನ್ನೂ ಒಪ್ಪಿಕೊಂಡ. ಪೋಪನ ಕಿರೀಟ ಅಂದರೆ ಪ್ಯೂರಿಟನ್ ಬಾಯಲ್ಲಿ ಅದಕ್ಕಿಂತ ದೊಡ್ಡ ಆಕ್ಷೇಪಣೆ ಇಲ್ಲ. ಆದರೂ ಮುಚ್ಚಳ ಉಳಿಯಿತು. ತೊಟ್ಟಿಯ ಪಕ್ಕದ ಬೆಂಚಿನಲ್ಲಿ ಕೂತು ಮಗಳು ಕಟ್ಟಿಕೊಟ್ಟ ಚಪಾತಿ ರೋಲ್ ತಿನ್ನೋಣ ಅಂತ ತೆಗೆದೆ. ಪೆಲಿಕನ್ ನೋಡುತ್ತಿದೆ ಅನ್ನಿಸಿ ಹೊರಗೆ ಹೋಗಿ ತಿಂದೆ.

ದೊಡ್ಡ ಸವಾರಿ ಮುಂದಿನ ವಾರ. ಸೈಕಲ್ಲನ್ನು ರೈಲಿಗೆ ಹತ್ತಿಸಿ ಹೇಲ್ಸ್‌ವರ್ತ್ ಎಂಬಲ್ಲಿ ಇಳಿದು, ಅಲ್ಲಿಂದ ಸಮುದ್ರದವರೆಗೆ ನಾಲ್ಕು ಚರ್ಚು ನೋಡಿ ಸಂಜೆಗೆ ವಾಪಸು. "ಈ ವಯಸ್ಸಲ್ಲಿ ಬಿದ್ದರೆ ಇಲ್ಲಿನ ಆಸ್ಪತ್ರೆ ಬಿಲ್ ಯಾರು ಕೊಡ್ತಾರೆ?" ಅಂತ ನನ್ನಾಕೆಯ ಮಂಗಳಾಶೀರ್ವಾದದೊಂದಿಗೆ ಹೊರಟೆ.

ಮೊದಲು ಸಿಗುವುದು ವೆನ್‌ಹ್ಯಾಸ್ಟನ್. ಚಿಕ್ಕ ಚರ್ಚು, ಒಳಗೆ ಗೋಡೆಗೆ ನಿಲ್ಲಿಸಿದ ದೊಡ್ಡ ಮರದ ಹಲಗೆ, ಅದರ ಮೇಲೆ ಅಂತಿಮ ತೀರ್ಪಿನ ಚಿತ್ರ. ಬರೆದದ್ದು 15ನೇ ಶತಮಾನದ ಕೊನೆಯ ಸುಮಾರಿಗೆ. ಸತ್ತವರು ಸಮಾಧಿಯಿಂದ ಎದ್ದು ಬರುತ್ತಿದ್ದಾರೆ. ಎಲ್ಲರೂ ಬೆತ್ತಲೆ, ಆದರೆ ರಾಜ, ಬಿಷಪ್ ಮುಂತಾದವರ ತಲೆಯ ಮೇಲೆ ಮಾತ್ರ ಕಿರೀಟ, ಟೋಪಿ ಹಾಗೇ ಇವೆ! ಸಂತ ಮೈಕೇಲ್ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಿದ್ದಾನೆ, ಪಕ್ಕದಲ್ಲಿ ಸೈತಾನ ಕಾದಿದ್ದಾನೆ. ಬಲಗಡೆ ದೊಡ್ಡ ಮೀನಿನ ಬಾಯಿಯಂತೆ ನರಕ. ನಮ್ಮ ಚಿತ್ರಗುಪ್ತನ ಕಚೇರಿಯೇ, ಲೆಡ್ಜರ್ ಬದಲು ತಕ್ಕಡಿ ಅಷ್ಟೆ. ನಡುವೆ ಮಾತ್ರ ಶಿಲುಬೆಯ ಆಕಾರದಲ್ಲಿ, ಅದರ ಎರಡೂ ಬದಿಗೆ ಮನುಷ್ಯಾಕಾರದಲ್ಲಿ, ಬಣ್ಣವಿಲ್ಲದ ಖಾಲಿ ಜಾಗ. ಅಲ್ಲಿ ಏಸು, ತಾಯಿ ಮೇರಿ, ಸಂತ ಜಾನ್ ಇವರ ಮರದ ಮೂರ್ತಿಗಳು ನಿಂತಿದ್ದವು. ಮೂರ್ತಿ ಹೋಗಿ ನೆರಳು ಉಳಿದ ಹಾಗಿದೆ.

ಅವು ಹೋದದ್ದು ಡೌಸಿಂಗ್‌ಗಿಂತ ನೂರು ವರ್ಷ ಮೊದಲಿನ ಅಲೆಯಲ್ಲಿ. ಆರನೇ ಎಡ್ವರ್ಡ್ ಎಂಬ ಹುಡುಗ ದೊರೆ 1547ರಲ್ಲಿ ಪಟ್ಟಕ್ಕೆ ಬಂದಾಗ ದೇಶದ ಚರ್ಚುಗಳಿಂದ ಮೂರ್ತಿಗಳನ್ನು ತೆಗೆಸಿ ಗೋಡೆಗಳಿಗೆ ಸುಣ್ಣ ಬಳಿಸಿದರು. 1553ರಲ್ಲಿ ಅವನ ಅಕ್ಕ ಮೇರಿ ಬಂದಳು, ಹಳೇ ಧರ್ಮ ವಾಪಸು ಬಂತು, ಮಾರಿದ್ದನ್ನೆಲ್ಲ ಮತ್ತೆ ಕೊಳ್ಳಬೇಕಾಯಿತು. ಐದು ವರ್ಷಕ್ಕೆ ಎಲಿಜಬೆತ್ ಬಂದಳು, ಮತ್ತೆ ತೆಗೆಯಿರಿ! ಹಳ್ಳಿಯ ವಾರ್ಡನ್‌ಗಳ ಸ್ಥಿತಿ ಊಹಿಸಿ. ಪ್ರತಿ ಹೊಸ ಚೇರ್ಮನ್ ಬಂದಾಗ ಹೊಸ ಸರ್ಕ್ಯುಲರ್, ಖರ್ಚು ಮಾತ್ರ ಬ್ರಾಂಚಿನದ್ದು.

ವೆನ್‌ಹ್ಯಾಸ್ಟನ್ ಹಲಗೆಗೂ ಸುಣ್ಣ ಬಳಿದಿದ್ದರು. 1892ರಲ್ಲಿ ಚರ್ಚು ರಿಪೇರಿ ಮಾಡುವಾಗ ಇದೇನೋ ಹಳೇ ಸುಣ್ಣದ ಹಲಗೆ ಎಂದು ಕಿತ್ತು ಹೊರಗೆ ಸಮಾಧಿಗಳ ನಡುವೆ ಎಸೆದರು. ರಾತ್ರಿ ಮಳೆ ಬಂತು. ಬೆಳಿಗ್ಗೆ ನೋಡಿದರೆ ತೊಳೆದುಹೋದ ಸುಣ್ಣದ ಅಡಿಯಿಂದ ಮುಖಗಳು ಇಣುಕುತ್ತಿದ್ದವು! ಮಳೆ ಒಂದು ದಿನ ತಡವಾಗಿದ್ದರೆ ಅದು ಸೌದೆ.

ಅಲ್ಲಿಂದ ಬ್ಲೈತ್‌ಬರ್ಗ್ ಹತ್ತಿರ. ನದಿ ಮುಖಜ ಭೂಮಿಯ ಜವುಗಿನ ಅಂಚಿನಲ್ಲಿ ಹಡಗು ನಿಂತ ಹಾಗೆ ಚರ್ಚು ಕಾಣುತ್ತದೆ. ಒಳಗೆ ಹೋದರೆ ಬೆಳಕೋ ಬೆಳಕು. ಬಣ್ಣದ ಗಾಜೆಲ್ಲ ಬಹುಪಾಲು ಹೋಗಿರುವುದರಿಂದ ಬಂದ ಬೆಳಕು ಅದು. ತಲೆ ಎತ್ತಿದರೆ ಮಾಡಿನ ನಡುತೊಲೆಯ ಉದ್ದಕ್ಕೂ ರೆಕ್ಕೆ ಬಿಚ್ಚಿದ ಮರದ ದೇವದೂತರು, ಹನ್ನೆರಡು ಜನ, ಮಾಸಿದ ಬಣ್ಣ.

ಈ ಚರ್ಚಿಗೆ ಪೆಟ್ಟು ಬಿದ್ದದ್ದು ಒಂದೆರಡಲ್ಲ. 1577ರ ಆಗಸ್ಟ್ 4ರಂದು ಪ್ರಾರ್ಥನೆ ನಡೆಯುವಾಗಲೇ ಸಿಡಿಲು ಬಡಿದು ಶಿಖರ ಒಳಗೆ ಬಿತ್ತು, ಒಬ್ಬ ಗಂಡಸು ಒಬ್ಬ ಹುಡುಗ ಸತ್ತರು. ಉತ್ತರದ ಬಾಗಿಲಿನ ಮೇಲಿನ ಸುಟ್ಟ ಗುರುತುಗಳನ್ನು ಕರೀ ನಾಯಿಯ ರೂಪದಲ್ಲಿ ಬಂದ ಸೈತಾನನ ಉಗುರು ಅಂತ ಈಗಲೂ ತೋರಿಸುತ್ತಾರೆ. ಡೌಸಿಂಗ್ ಬಂದದ್ದು 1644ರ ಏಪ್ರಿಲ್ 9ರಂದು. ಅವನ ರಿಪೋರ್ಟಿನಲ್ಲಿ 20 ದೇವದೂತರನ್ನು ಗಡುವಿನೊಳಗೆ ಇಳಿಸಬೇಕೆಂಬ ಆದೇಶ ಇದೆ. ಆದೇಶ ಇದೆ, ಅನುಪಾಲನೆ ಇಲ್ಲ! ಹನ್ನೆರಡು ಜನ ಇನ್ನೂ ಮೇಲೇ ಇದ್ದಾರೆ. ಅಷ್ಟೆತ್ತರಕ್ಕೆ ಏಣಿ ಯಾರು ತರುವುದು, ಆಳಿನ ಕೂಲಿ ಯಾವ ಬಾಬ್ತಿಗೆ ಬರೆಯುವುದು, ಮುಂದಿನ ವಾರ ನೋಡೋಣ ಅಂತ ಯಾರೋ ಪುಣ್ಯಾತ್ಮ ವಾರ್ಡನ್ ಫೈಲು ಕೆಳಗೆ ಇಟ್ಟಿರಬೇಕು ಎಂದು ನನ್ನ ಊಹೆ. ಬ್ರಾಂಚುಗಳಲ್ಲಿ ಇಂಥವರ ಮೇಲೆ ನಾನೆಷ್ಟು ರೇಗಿದ್ದೇನೋ!

ದೇವದೂತರ ಮರದಲ್ಲಿ ಸೀಸದ ಚರೆಗಳು ಹೊಕ್ಕಿದ್ದವು. ಡೌಸಿಂಗ್‌ನ ಕಡೆಯವರು ಬಂದೂಕು ಹೊಡೆದರು ಎಂದೇ ಬಹುಕಾಲ ಜನ ನಂಬಿದ್ದರು. ಕಳೆದ ಶತಮಾನದಲ್ಲಿ ಮಾಡು ರಿಪೇರಿ ಮಾಡುವಾಗ ನೋಡಿದರೆ ಆ ಚರೆ 18ನೇ ಶತಮಾನದ್ದು. ಚರ್ಚ್‌ವಾರ್ಡನ್‌ಗಳ ಲೆಕ್ಕದ ಪುಸ್ತಕದಲ್ಲೂ ಬಾಬ್ತು ಸಿಕ್ಕಿತು: ಮಾಡಿನೊಳಗೆ ಸೇರಿಕೊಂಡ ಜಾಕ್‌ಡಾ ಎಂಬ ಕಾಗೆ ಜಾತಿಯ ಹಕ್ಕಿಗಳನ್ನು ಹೊಡೆಯಲು ಕೊಟ್ಟ ಹಣ. ಕಾಗೆ ಹೊಡೆಯಲು ಹೋಗಿ ಊರಿನವರೇ ದೇವದೂತರಿಗೆ ಹೊಡೆದಿದ್ದರು. ನೂರಾರು ವರ್ಷ ಆರೋಪ ಹೊತ್ತವನನ್ನು ಒಂದು ವೋಚರ್ ಬಿಡಿಸಿತು ನೋಡಿ.

ಅಲ್ಲಿ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಸುಸ್ತು ಒಂದು ಕಾರಣ. ಇನ್ನೊಂದನ್ನು ಹೇಳಿಬಿಡುತ್ತೇನೆ.

ನಮ್ಮ ಊರಿನ ದೇವಸ್ಥಾನದ ತೀರ್ಥಮಂಟಪಕ್ಕೆ ಮರದ ಮುಚ್ಚಿಗೆ ಇತ್ತು. ನಡುವೆ ಪದ್ಮ, ಸುತ್ತ ಎಂಟು ದಿಕ್ಕಿಗೆ ಎಂಟು ದಿಕ್ಪಾಲಕರು, ಆನೆ, ಟಗರು, ಕೋಣ ವಾಹನಗಳ ಸಮೇತ. ಚಿಕ್ಕಂದಿನಲ್ಲಿ ನೈವೇದ್ಯ ಆಗುವವರೆಗೆ ಅಂಗಾತ ಮಲಗಿ ಅದನ್ನೇ ನೋಡುತ್ತಿದ್ದೆವು. 2007ರಲ್ಲಿ ಜೀರ್ಣೋದ್ಧಾರ ಅಂತ ಹೊರಟಿತು. ಮುಂಬೈ ಸಮಿತಿಗೆ ನಾನೇ ಖಜಾಂಚಿ, ಬ್ಯಾಂಕಿನವನು ಅಂತ. ಡೊಂಬಿವಲಿ, ಥಾಣೆ, ಮುಲುಂಡ್ ಎಲ್ಲ ಸುತ್ತಿ ರಸೀದಿ ಹರಿದು ದುಡ್ಡು ಎತ್ತಿದೆವು. ಮರಕ್ಕೆ ಒರಲೆ ಹಿಡಿದಿದೆ, ಇಳಿಸಿ ಕಾಂಕ್ರೀಟ್ ಹಾಕಿ ಗ್ರಾನೈಟ್ ಹೊದೆಸೋಣ ಎಂದರು, ಎಲ್ಲರೂ ಸೈ ಎಂದೆವು. ಆಗ ಬದುಕಿದ್ದ ನನ್ನ ಅಪ್ಪಯ್ಯ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಮುಚ್ಚಿಗೆ ಒಂದ್ ಇರ್ಲಿ ಮಗಾ." ನಾನು ಎಸ್ಟಿಮೇಟ್ ಪಾಸ್ ಆಗಿದೆ ಅಂತ ಹೇಳಿದೆ. ಯಾರ ಆಜ್ಞಾಪತ್ರವೂ ಬಂದಿರಲಿಲ್ಲ, ಯಾವ ಪಾರ್ಲಿಮೆಂಟೂ ಹೇಳಿರಲಿಲ್ಲ. ಚೆಕ್ಕಿಗೆ ಸಹಿ ನನ್ನದು.

ಬ್ಲೈತ್‌ಬರ್ಗ್‌ನಲ್ಲಿ ಹೂ ಜೋಡಿಸಲು ಬಂದಿದ್ದ ವಯಸ್ಸಾದ ಹೆಂಗಸೊಬ್ಬರು "ಕತ್ತು ನೋಯುತ್ತದೆ, ಮಲಗಿಯೇ ನೋಡಿ, ಎಲ್ಲರೂ ಹಾಗೇ ಮಾಡುವುದು" ಎಂದರು. ಮಲಗಿ ನೋಡಿದೆ. 1881ರಲ್ಲಿ ಈ ಕಟ್ಟಡ ಅಪಾಯ ಅಂತ ಬಿಷಪ್ ಬೀಗ ಹಾಕಿಸಿದ್ದರಂತೆ. ಅದಕ್ಕೆ ಮೊದಲು ಮಳೆಗಾಲದಲ್ಲಿ ಜನ ಒಳಗೆ ಕೊಡೆ ಹಿಡಿದು ಕೂರುತ್ತಿದ್ದರು ಅಂತಲೂ ಹೇಳಿದರು. ದುಡ್ಡು ಕೂಡಿಸಿ ಎರಡು ವರ್ಷದಲ್ಲಿ ಮತ್ತೆ ತೆರೆದರು. ಈಗಲೂ ಮಾಡಿನ ಚಿಂತೆ ತಪ್ಪಿಲ್ಲ, ಬಾವಲಿಗಳ ಕಾಟ ಬೇರೆ, ಹಲವು ಊರುಗಳಿಗೆ ಸೇರಿ ಒಬ್ಬರೇ ಪಾದ್ರಿ. ಹಳೇ ಮರದ ಕಾಣಿಕೆ ಪೆಟ್ಟಿಗೆ ಇದ್ದರೂ ನಾನು ಪಕ್ಕದ ಯಂತ್ರಕ್ಕೆ ಕಾರ್ಡು ತಾಗಿಸಿದೆ.

ವಾಲ್ಬರ್ಸ್‌ವಿಕ್ ಇಲ್ಲಿಂದ ಆರು ಕಿಲೋಮೀಟರ್, ಎದುರುಗಾಳಿ. 1426ರಲ್ಲಿ ಈ ಊರಿನವರು ಗೋಪುರ ಕಟ್ಟಲು ಇಬ್ಬರು ಕಲ್ಲುಕುಟಿಗರ ಜೊತೆ ಮಾಡಿಕೊಂಡ ಕರಾರುಪತ್ರ ಇನ್ನೂ ಉಳಿದಿದೆ. ಗೋಪುರ ಒಂದು ಗಜ ಎತ್ತರ ಏರಿದರೆ 40 ಷಿಲಿಂಗ್. ಜೊತೆಗೆ ವರ್ಷಕ್ಕೊಂದು ಪೀಪಾಯಿ ಹೆರಿಂಗ್ ಮೀನು, ಒಂದು ಸಲ ಉಡುಪು! ಪಕ್ಕದ ಊರುಗಳ ಗೋಪುರ, ಬಾಗಿಲು ನೋಡಿಕೊಂಡು ಅದರ ಹಾಗೆ ಕಟ್ಟಬೇಕು ಅಂತಲೂ ಬರೆದಿದ್ದಾರೆ. ಮೀನಿನ ವ್ಯಾಪಾರ ಜೋರಾಗಿದ್ದಾಗ ಕಟ್ಟಿದ ಆ ದೊಡ್ಡ ಚರ್ಚನ್ನು ಊರು ಬಡವಾದ ಮೇಲೆ ನಿಭಾಯಿಸಲು ಆಗಲಿಲ್ಲ. 1695ರಲ್ಲಿ ಅನುಮತಿ ಪಡೆದು ಮಾಡು ಇಳಿಸಿ, ಸೀಸ, ಮರ, ಗಂಟೆ ಮಾರಿ, ಹಳೇ ಚರ್ಚಿನ ಒಂದು ಪಕ್ಕದಲ್ಲೇ ಚಿಕ್ಕದೊಂದು ಮಾಡಿಕೊಂಡರು. ಈಗ ಪಾಳುಗೋಡೆಗಳ ನಡುವೆ, ಅಜ್ಜನ ಕೋಟು ಹಾಕಿದ ಮೊಮ್ಮಗನ ಹಾಗೆ ನಿಂತಿದೆ. ಡೌಸಿಂಗ್ ಇಲ್ಲಿ 40 ಚಿತ್ರ ಒಡೆಸಿದ್ದ. ಚರ್ಚನ್ನೇ ಬಿಚ್ಚಿದವರು ಊರಿನವರು, ಲೆಕ್ಕ ಇಟ್ಟುಕೊಂಡು.

ನದಿಗೆ ಕಟ್ಟಿದ ಕಾಲುಸೇತುವೆ ದಾಟಿದರೆ ಸೌತ್‌ವೋಲ್ಡ್. ಅಲ್ಲಿ ಬಣ್ಣದ ಮರದ ತಡಿಕೆಯ ಮೇಲೆ ಸಂತರು ಚಿನ್ನದ ಹಿನ್ನೆಲೆಯಲ್ಲಿ ಸಾಲಾಗಿ ನಿಂತಿದ್ದಾರೆ. ಬಟ್ಟೆಯ ಹೂವು, ಕೈಬೆರಳು ಎಲ್ಲ ಇದೆ, ಮುಖ ಮಾತ್ರ ಕೆರೆದಿದ್ದಾರೆ. ಡೌಸಿಂಗ್ ಏಪ್ರಿಲ್ 8ರಂದು ಇಲ್ಲಿ 130 ಚಿತ್ರ ಒಡೆಸಿದ. ಆದರೆ ಹೊರಗೆ, ಪಶ್ಚಿಮದ ಕಿಟಕಿಯ ಕಮಾನಿನ ಮೇಲೆ, ಸಂತ ಎಡ್ಮಂಡನೇ ನಮಗಾಗಿ ಪ್ರಾರ್ಥಿಸು ಅನ್ನುವ ಅರ್ಥದ ಲ್ಯಾಟಿನ್ ಅಕ್ಷರಗಳು, ಮೊಳದುದ್ದ, ಹಾಗೇ ಇವೆ. ಇಂಥ ಬರಹ ಕಂಡರೆ ಸಮಾಧಿಯ ಹಿತ್ತಾಳೆ ತಗಡನ್ನೂ ಕೀಳಿಸುತ್ತಿದ್ದ ಇನ್ಸ್‌ಪೆಕ್ಟರ್ ಇದರ ಕೆಳಗೇ ಕುದುರೆ ಕಟ್ಟಿರಬೇಕು!

ಹೇಲ್ಸ್‌ವರ್ತ್ ತಲುಪುವಾಗ ಮೊಣಕಾಲು ನನ್ನದಲ್ಲ ಅನ್ನಿಸುತ್ತಿತ್ತು. ರೈಲಿನಲ್ಲಿ ಸೈಕಲ್ ಹಿಡಿದು ನಿಂತು ನಿದ್ದೆ ಮಾಡಿದೆ, ಮೂವತ್ತು ವರ್ಷದ ಲೋಕಲ್ ಅಭ್ಯಾಸ.

ಊರಿಗೆ ಬಂದ ಮೇಲೆ, ಒಂದು ಭಾನುವಾರ, ಮಾಳಿಗೆಯಿಂದ ಜೀರ್ಣೋದ್ಧಾರ ಸಮಿತಿಯ ಫೈಲು ಇಳಿಸಿದೆ. ವೋಚರ್‌ಗಳೆಲ್ಲ ಕ್ರಮವಾಗಿ ಇವೆ, ಪ್ರತಿ ಪುಟದಲ್ಲಿ ನನ್ನ ಸಹಿ, ಕೊನೆಯಲ್ಲಿ ಆಡಿಟರ್ ಸೀಲು. ಜಮೆಯ ಕಡೆ ಆ ಬಾಬ್ತು ಸಿಕ್ಕಿತು: ಹಳೇ ಮರ ಮಾರಿದ್ದು, 18,500 ರೂಪಾಯಿ. ಊರಲ್ಲಿರುವ ದಾಯಾದಿ ತಮ್ಮನಿಗೆ ಫೋನ್ ಮಾಡಿದೆ. "ಯಾರಿಗೆ ಮಾರಿದ್ದು ಅಂತ ಹೆಸರು ಹೇಳಿ ಅಣ್ಣಯ್ಯ, ಇನ್ನೂ ಎಲ್ಲಾದರೂ ಇದ್ದರೆ ಹುಡುಕುವಾ" ಅಂದ. ಮತ್ತೆ ಕನ್ನಡಕ ಹಾಕಿ ನೋಡಿದೆ. ಯಾರಿಂದ ಬಂತು ಎನ್ನುವ ಕಾಲಮ್ಮಿನಲ್ಲಿ ನನ್ನದೇ ಅಕ್ಷರದಲ್ಲಿ "ನಗದು" ಎಂದು ಬರೆದಿದೆ.